ಪಂದಿ, ಹಂದಿ, ಅಂದಿ

ಮಳವಳ್ಳಿ ಕಡೆಯ ಒಂದು ಊರಿನ ವಾಟ್ಸಾಪ್ ಗ್ರೂಪಿನಲ್ಲಿ ನಾನೂ ಇದ್ದೀನಿ. ಬೆಳಗ್ಗೆ ದೇವರ ಫೋಟೊ, ಆಮೇಲೆ ರೇಷ್ಮೆಗೂಡಿನ ರೇಟು, ನಾಲೆಗೆ ನೀರು ಬಿಟ್ಟರೋ ಇಲ್ಲವೋ ಅನ್ನೋ ವಿಚಾರಣೆ, ರಾತ್ರಿಯಾದರೆ ರಾಜಕೀಯದ ಜಗಳ. ನಿಮ್ಮೂರಿನ ಗ್ರೂಪೂ ಹೀಗೇ ಇರುತ್ತೆ ಬಿಡಿ. ಒಂದು ದಿನ ಬೆಳಗಿನ ಜಾವ ಅದರಲ್ಲಿ ಒಬ್ಬ ಹುಡುಗ ಒಂದೇ ಸಾಲು ಬರೆದ. "ನಮ್ಮಪ್ಪ ಓಗ್ಬುಟ್ರು."

ಅದಕ್ಕೆ ಬಂದ ಮೊದಲ ಉತ್ತರ ಏನು ಗೊತ್ತಾ? "ಓಗ್ಬುಟ್ರು ಅಲ್ಲ, ಹೋಗಿಬಿಟ್ಟರು. ಮೊದಲು ಕನ್ನಡ ಸರಿಯಾಗಿ ಬರೆಯೋದನ್ನ ಕಲಿ." ಬರೆದವರು ಅದೇ ಊರಿನವರು, ಬೆಂಗಳೂರಿಗೆ ಬಂದು ಮನೆ ಕಟ್ಟಿಕೊಂಡವರು. ಅದರ ಕೆಳಗೆ ಇನ್ನೊಬ್ಬರು, "ಹಿರಿಯರ ಬಗ್ಗೆ ಹಾಗನ್ನಬಾರದು, ದೈವಾದೀನರಾದರು ಅನ್ನಬೇಕು" ಅಂದರು. ಮೂರನೆಯವರು ಬಂದು, "ದೈವಾದೀನ ಅಲ್ಲ ಸ್ವಾಮಿ, ದೈವಾಧೀನ, ಅಲ್ಲಿ ಮಹಾಪ್ರಾಣ ಬರುತ್ತೆ" ಅಂತ ಅವರನ್ನು ತಿದ್ದಿದರು. "ಯಾಕ್ಲಾ ಮಗ, ಏನಾಗಿತ್ತು? ಮೊನ್ನೆ ಸಂತೇಲಿ ಚೆನ್ನಾಗೇ ಇದ್ರಲ್ಲ" ಅಂತ ಒಬ್ಬರು ಕೇಳೋ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು. ಸಂಜೆ ನೋಡಿದರೆ ಹುಡುಗ ತನ್ನ ಸಾಲನ್ನೇ ಅಳಿಸಿಹಾಕಿದ್ದ. ತಿದ್ದಿದವರ ಸಾಲುಗಳು ಮಾತ್ರ ಹಾಗೇ ಉಳಿದಿದ್ದವು.

ಅವರನ್ನು ಬೈಯೋದು ಸುಲಭ. ಆದರೆ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಕಣ್ಣು ಕೂಡ ಮೊದಲು ಹೋಗಿದ್ದು ಆ 'ಓ' ಮೇಲೇ. ಸಾವಿನ ಸುದ್ದಿ ಮನಸ್ಸಿಗೆ ಇಳಿದದ್ದು ಆಮೇಲೆ. ಯಾಕೆ ಹೀಗಾಯಿತು ಅಂತ ನನ್ನನ್ನೇ ಕೇಳಿಕೊಂಡೆ. ಈ ಬರಹ ಹುಟ್ಟಿದ್ದು ಆ ಪ್ರಶ್ನೆಯಿಂದ.

ಮಂಡ್ಯ ಕಡೆಯ ಹುಡುಗ ಟಿವಿ ಸುದ್ದಿ ಓದೋಕೆ ಬಂದರೆ ಅವನಿಗೆ ಮೊದಲ ಪರೀಕ್ಷೆ 'ಹ'. ನನಗೂ ಅದೇ ಆಯಿತು. ಹಾಸನದ ಸುದ್ದಿ ಓದುವಾಗ 'ಆಸನ' ಅಂದೆ. ಒಳಗಡೆ ಕೂತವರು ನಕ್ಕಿದ್ದು ನನ್ನ ಕಿವಿಯಲ್ಲಿದ್ದ ಇಯರ್‌ಫೋನಿನಲ್ಲೇ ಕೇಳಿಸಿತು. ಆ ಭಯಕ್ಕೆ ಆಮೇಲೆ ಬೇಕಾದ ಕಡೆಯೂ ಹ, ಬೇಡದ ಕಡೆಯೂ ಹ. ಅಕ್ಕಿ ಬೆಲೆ ಏರಿತು ಅನ್ನೋ ಕಡೆ ಹಕ್ಕಿ ಬೆಲೆ ಏರಿತು. ಆದರದ ಸ್ವಾಗತ ಅನ್ನೋಕೆ ಹೋಗಿ 'ಹಾದರದ ಸ್ವಾಗತ' ಆದ ಹಳೇ ಜೋಕು ನಿಮಗೆಲ್ಲ ಗೊತ್ತು. ಅದು ಜೋಕು ಅಂತ ನಗುವವರಿಗೆ, ಆ ನಾಲಿಗೆಯ ಹಿಂದೆ ಎಷ್ಟು ಹೆದರಿಕೆ ಇರುತ್ತೆ ಅನ್ನೋದು ಗೊತ್ತಿರಲ್ಲ.

ಹಾಗಂತ ತಿದ್ದೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ಟಿವಿ ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ 'ಉದ್ಘಾಟನೆ' ಉದ್ಗಾಟನೆ ಆಗುತ್ತೆ, 'ಶ್ರದ್ಧಾಂಜಲಿ' ಶ್ರದ್ದಾಂಜಲಿ ಆಗುತ್ತೆ, 'ಶುಭಾಶಯ' ಶುಭಾಷಯ ಆಗುತ್ತೆ. ನೀವು ಅದರ ಫೋಟೊ ತೆಗೆದು ಕಳಿಸ್ತೀರಿ, ಛೀಮಾರಿ ಹಾಕ್ತೀರಿ. ಹಾಕಲೇಬೇಕು. ಸಂಬಳ ತಗೊಂಡು ಕನ್ನಡ ಬರೆಯುವವರು ನಾವು. ನಮ್ಮ ತಪ್ಪನ್ನು ನೋಡಿ ಮಕ್ಕಳು ಕಲೀತಾರೆ. ನಮ್ಮನ್ನು ತಿದ್ದುವುದಕ್ಕೂ ಆ ಹುಡುಗನನ್ನು ತಿದ್ದಿದ್ದಕ್ಕೂ ವ್ಯತ್ಯಾಸ ಇದೆ. ಅದು ಏನು ಅಂತ ತಿಳಿಯೋಕೆ ಸ್ವಲ್ಪ ಹಿಂದಕ್ಕೆ ಹೋಗೋಣ. ಸ್ವಲ್ಪ ಅಂದರೆ ಸಾವಿರದ ನೂರೈವತ್ತು ವರ್ಷ ಹಿಂದಕ್ಕೆ.

ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ ಕವಿರಾಜಮಾರ್ಗ. ಸುಮಾರು ಕ್ರಿ.ಶ. 850ರದ್ದು. ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಬರೆದದ್ದು. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂತ ಹೇಳಿದ್ದು ಇದೇ ಗ್ರಂಥ. ಆ ಭಾಗವನ್ನು ಎಲ್ಲ ರಾಜ್ಯೋತ್ಸವದ ಭಾಷಣದಲ್ಲೂ ಕೇಳ್ತೀವಿ. ಆದರೆ ಅದರ ಹತ್ತಿರದಲ್ಲೇ ಶ್ರೀವಿಜಯ ಇನ್ನೊಂದು ಮಾತು ಹೇಳ್ತಾನೆ, ಅದನ್ನು ಯಾರೂ ಹೇಳಲ್ಲ. ಈ ನಾಡಿನ ಜನರಲ್ಲಿ ಜಾಣರಲ್ಲದವರು ಕೂಡ, ತಿಳಿಯದಿದ್ದರೂ ತಿಳಿದವರ ಹಾಗೆ, ಒಂಚೂರು ತಪ್ಪು ಸಿಕ್ಕರೆ ಸಾಕು, ಅದನ್ನೇ ಬಿಡದೆ ಹಿಡಿದುಕೊಂಡು ಇಡೀ ಕೃತಿಯನ್ನೇ ಹಳೀತಾರೆ ಅಂತ. ನೋಡಿ, ಮೊಬೈಲೂ ಇಲ್ಲ, ಕಮೆಂಟೂ ಇಲ್ಲ, ಆಗಲೇ ಕವಿಗೆ ಈ ಕಾಟ! ತಪ್ಪು ಹಿಡಿಯೋದು ಕನ್ನಡಿಗರಿಗೆ ಜುಕರ್‌ಬರ್ಗ್ ಕಲಿಸಿದ ವಿದ್ಯೆ ಅಲ್ಲ.

ಅದೇ ಶ್ರೀವಿಜಯ ಇನ್ನೂ ಒಂದು ಮಾತು ಹೇಳ್ತಾನೆ. ಕನ್ನಡಗಳಲ್ಲಿ ಇರುವ ದೋಷ ಇಷ್ಟೇ ಅಂತ ಎಣಿಸಿ ಮುಗಿಸೋಕೆ ವಾಸುಕಿಗೂ ಆಗಲ್ಲ, ಅವನಿಗೂ ಬೇಸರ ಬಂದುಬಿಡುತ್ತೆ, ಯಾಕೆಂದರೆ ಒಂದೊಂದು ಸೀಮೆಯ ನುಡಿ ಒಂದೊಂದು ಥರ ಅಂತ. ಅವನು ಹೇಳಿದ್ದು ಕನ್ನಡ ಅಲ್ಲ, ಕನ್ನಡಗಳು. ಆಗಲೇ ಬಹುವಚನ.

ಇನ್ನೊಂದು ತಮಾಷೆ ಇದೆ. ತಿರುಳ್ಗನ್ನಡ, ಅಂದರೆ ಸಾರವಾದ ಕನ್ನಡ ಎಲ್ಲಿಯದು ಅಂತ ಅವನು ನಾಲ್ಕು ಊರು ಹೆಸರಿಸ್ತಾನೆ. ಕಿಸುವೊಳಲು, ಅಂದರೆ ಪಟ್ಟದಕಲ್ಲು. ಕೊಪಣ, ಅಂದರೆ ಕೊಪ್ಪಳ. ಪುಲಿಗೆರೆ, ಅಂದರೆ ಲಕ್ಷ್ಮೇಶ್ವರ. ಮತ್ತೆ ಒಂಕುಂದ. ಎಲ್ಲಾ ಉತ್ತರ ಕರ್ನಾಟಕ. ಮೈಸೂರಿಲ್ಲ, ಬೆಂಗಳೂರಿನ ಮಾತಂತೂ ಇಲ್ಲವೇ ಇಲ್ಲ. ಇವತ್ತು ಧಾರವಾಡದವರ 'ಹೋಗೂಣು ಬರ್ರಿ' ಕೇಳಿ ಬೆಂಗಳೂರಿನಲ್ಲಿ ಕೂತು ನಗುವವರು ಇದನ್ನು ಒಮ್ಮೆ ಯೋಚಿಸಬೇಕು. ಶುದ್ಧ ಕನ್ನಡದ ವಿಳಾಸ ಆಗಾಗ ಮನೆ ಬದಲಾಯಿಸುತ್ತೆ. ಅಧಿಕಾರ ಎಲ್ಲಿರುತ್ತೋ ಅದು ಅಲ್ಲಿಗೆ ಹೋಗುತ್ತೆ.

ಸುಮಾರು ನಾನೂರು ವರ್ಷ ಮುಂದಕ್ಕೆ ಬನ್ನಿ. 1260ರ ಹೊತ್ತಿಗೆ ಕೇಶಿರಾಜ ಶಬ್ದಮಣಿದರ್ಪಣ ಬರೆದ. ಹಳಗನ್ನಡದ ದೊಡ್ಡ ವ್ಯಾಕರಣ ಅದು. ಆ ಕಾಲಕ್ಕೆ ಒಂದು ಅಕ್ಷರ ಜನರ ಬಾಯಿಂದ ಜಾರಿಹೋಗ್ತಾ ಇತ್ತು. 'ೞ' ಅಂತ ಬರೆಯುತ್ತಿದ್ದ ಅಕ್ಷರ. ತಮಿಳರು 'ತಮಿೞ್' ಅನ್ನುವಾಗ ಕೊನೆಗೆ ಬರುತ್ತಲ್ಲ, ಆ ಸದ್ದು. ನಮ್ಮ ಮಳೆ ಆಗ ಮೞೆ, ಕೋಳಿ ಕೋೞಿ, ಬಾಳೆ ಬಾೞೆ. ಜನ ಅದನ್ನು ಬಿಟ್ಟು 'ಳ' ಅನ್ನೋಕೆ ಶುರು ಮಾಡಿದ್ದರು. ಕವಿಗಳಿಗೆ ಯಾವ ಪದದಲ್ಲಿ ಯಾವ ಅಕ್ಷರ ಅಂತ ಗೊಂದಲ. ಕೇಶಿರಾಜ ಪಾಪ, ಯಾವ ಯಾವ ಪದದಲ್ಲಿ ಆ ಅಕ್ಷರ ಬರಬೇಕು ಅಂತ ಪಟ್ಟಿ ಮಾಡಿಕೊಟ್ಟ. ಎಷ್ಟು ಕಾಳಜಿ ನೋಡಿ. ಆದರೂ ಅಕ್ಷರ ಉಳಿಯಲಿಲ್ಲ. ಇವತ್ತು ಕನ್ನಡ ಎಂ.ಎ. ಮಾಡಿದವರೂ 'ಮಳೆ' ಅಂತಲೇ ಬರೀತಾರೆ. ಕೇಶಿರಾಜನ ಕೈಗೆ ನಮ್ಮ ಕಾಪಿ ಕೊಟ್ಟರೆ ನಾವೆಲ್ಲರೂ ಫೇಲು. ಅತ್ಯಂತ ಶುದ್ಧವಾಗಿ ಮಾತಾಡ್ತೀನಿ ಅನ್ನುವವರೂ ಫೇಲು.

ಈಗ ನಮ್ಮ ಮದ್ದೂರಿಗೆ ಬರೋಣ. ಮದ್ದೂರು ಅಂದರೆ ವಡೆ ಅಷ್ಟೇ ನೆನಪಾಗುತ್ತೆ ನಿಮಗೆ. ಆದರೆ ಆ ತಾಲೂಕಿನ ಆತಕೂರಿನಲ್ಲಿ ಸಿಕ್ಕ ಒಂದು ಕಲ್ಲು ಇಡೀ ದೇಶದ ಇತಿಹಾಸಕಾರರಿಗೆ ಗೊತ್ತು. ಕ್ರಿ.ಶ. 949-50ರ ಶಾಸನ ಅದು. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಅವನ ಕಡೆಯ ಗಂಗರ ಬೂತುಗ ಇಬ್ಬರೂ ಸೇರಿ ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಆದರೆ ಆ ಕಲ್ಲಿನ ಮೇಲೆ ಕೆತ್ತಿರುವ ಚಿತ್ರ ರಾಜರದ್ದಲ್ಲ, ಒಂದು ನಾಯಿಯದ್ದು. ಬೂತುಗನ ವೀರ ಮಣಲೇರ ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಏನು ಬೇಕೋ ಕೇಳು ಅಂದಾಗ, ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನೋ ಬೇಟೆನಾಯಿ ಕೇಳಿದ. ಮುಂದೆ ಆ ಕಾಳಿಯನ್ನು ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿದೆ. ಹೋಗಿ ನೋಡಿ.

ನಾನು ಈ ಕಥೆ ಹೇಳಿದ್ದು ಒಂದು ಪದಕ್ಕಾಗಿ. ಆ ಶಾಸನದಲ್ಲಿ ಹಂದಿಗೆ 'ಹಂದಿ' ಅಂತ ಇಲ್ಲ. 'ಪಂದಿ' ಅಂತ ಇದೆ. ಆಗಿನ ಮದ್ದೂರಿನವರು ಹಂದಿ ಅನ್ನುತ್ತಿರಲಿಲ್ಲ. ತೆಲುಗಿನವರು ಇವತ್ತಿಗೂ ಪಂದಿ ಅಂತಾರೆ, ಮಲಯಾಳಿಗಳು ಪನ್ನಿ ಅಂತಾರೆ. ಹಾಲು ಆಗ ಪಾಲ್, ಹುಲಿ ಆಗ ಪುಲಿ, ಹೂವು ಪೂ, ಹೆಸರು ಪೆಸರ್. ಹತ್ತನೇ ಶತಮಾನದ ಆಸುಪಾಸಿನಿಂದ ನಿಧಾನವಾಗಿ ಕನ್ನಡಿಗರ ಬಾಯಲ್ಲಿ ಪದದ ಮೊದಲಿನ ಆ 'ಪ' ಸಡಿಲವಾಗಿ 'ಹ' ಆಗ್ತಾ ಬಂತು. ಕವಿಗಳು ಕಾವ್ಯದಲ್ಲಿ ಬಹಳ ಕಾಲ ಪಕಾರವನ್ನೇ ಹಿಡಿದುಕೊಂಡಿದ್ದರು. ಜನ ಕೇಳಲಿಲ್ಲ. ಕೊನೆಗೆ ಗೆದ್ದದ್ದು ಜನರ ಹ.

ಅಂದರೆ ಏನಾಯಿತು? ಇವತ್ತು ನಾವು ಎದೆ ತಟ್ಟಿಕೊಂಡು ಶುದ್ಧ ಅನ್ನುವ 'ಹಂದಿ', ಒಂದು ಕಾಲಕ್ಕೆ ಪಂಡಿತರ ಕಿವಿಗೆ ತಪ್ಪು. ಪ ಬಿಟ್ಟು ಹ ಹಿಡಿದದ್ದು ಇಡೀ ಕನ್ನಡ ನಾಡು. ಹ ಕೂಡ ಬಿಟ್ಟು 'ಅಂದಿ' ಅಂದವರು ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರು. ಉಲ್ಲು, ಉಡ್ಗ, ಎಣ್ಣು, ಆಲು. ಹೊಲ ವಲ ಆಯಿತು, ಹೊಟ್ಟೆ ವಟ್ಟೆ ಆಯಿತು. ಇದು ಸೋಮಾರಿ ನಾಲಿಗೆ ಅಲ್ಲ ಸ್ವಾಮಿ. ಕನ್ನಡ ಸಾವಿರ ವರ್ಷದಿಂದ ನಡೆದುಕೊಂಡು ಬಂದ ದಾರಿಯಲ್ಲಿ ಇವರು ಒಂದು ಹೆಜ್ಜೆ ಮುಂದೆ ಇಟ್ಟಿದ್ದಾರೆ ಅಷ್ಟೇ.

ಬೇರೆ ದೇಶದ ಉದಾಹರಣೆ ಬೇಕಾ? ಸ್ಪೇನ್ ನೋಡಿ. ಲ್ಯಾಟಿನ್ನಿನಲ್ಲಿ ಹಿಟ್ಟಿಗೆ 'ಫರೀನಾ' ಅನ್ನುತ್ತಿದ್ದರು. ಸ್ಪ್ಯಾನಿಷ್ ನಾಲಿಗೆಯಲ್ಲಿ ಫ ಹೋಗಿ ಹ ಆಯಿತು, ಆಮೇಲೆ ಹ ಕೂಡ ಬಿದ್ದುಹೋಯಿತು. ಈಗ ಅವರು ಅನ್ನೋದು 'ಅರೀನಾ'. ಬರೆಯುವಾಗ ಮಾತ್ರ ಹ ಅಕ್ಷರ ಹಾಕ್ತಾರೆ, ಬಾಯಲ್ಲಿ ಇಲ್ಲ. ನಮ್ಮ ಪಂದಿ, ಹಂದಿ, ಅಂದಿ ಕಥೆಯೇ ಅದು. ಆದರೆ ಅಲ್ಲಿ ಹ ಬಿಟ್ಟವನು ಹಳ್ಳಿ ಗಮಾರ ಅಂತ ಯಾರೂ ನಗಲ್ಲ. ದೊರೆಯೂ ಬಿಡ್ತಾನೆ, ಪ್ರೊಫೆಸರೂ ಬಿಡ್ತಾನೆ.

ನಗುವವರೂ ಇದ್ದರು ಅನ್ನಿ. ಎರಡು ಸಾವಿರ ವರ್ಷದ ಹಿಂದೆ ರೋಮ್‌ನಲ್ಲಿ ಕ್ಯಾಟಲಸ್ ಅನ್ನೋ ಕವಿ, ಬೇಡದ ಕಡೆಯೆಲ್ಲ ಹ ಸೇರಿಸಿ ಮಾತಾಡುವ ಒಬ್ಬನನ್ನು ಗೇಲಿ ಮಾಡಿ ಪದ್ಯವನ್ನೇ ಬರೆದ. ಅದನ್ನು ಓದಿದಾಗ ನನಗೆ ನನ್ನ ಹಕ್ಕಿ ಬೆಲೆ ನೆನಪಾಯಿತು. ಲ್ಯಾಟಿನ್ನಿನ ಕೊನೆಗಾಲದಲ್ಲಿ ಯಾರೋ ಒಬ್ಬ ಮೇಷ್ಟ್ರು ಇನ್ನೂರಕ್ಕೂ ಹೆಚ್ಚು ಪದಗಳ ಪಟ್ಟಿ ಮಾಡಿದ್ದಾರೆ. ಇದು ಸರಿ, ಅದು ತಪ್ಪು ಅಂತ. ಕಿವಿಗೆ 'ಔರಿಸ್' ಅನ್ನಿ, 'ಒರಿಕ್ಲಾ' ಅನ್ನಬೇಡಿ ಅಂತ ಅದರಲ್ಲಿದೆ. ಇವತ್ತು ಇಟಲಿಯವರು ಕಿವಿಗೆ ಏನಂತಾರೆ? ಒರೆಕ್ಕಿಯೊ. ಮೇಷ್ಟ್ರು ತಪ್ಪು ಅಂತ ಹೊಡೆದುಹಾಕಿದ ಪದದ ಮಗ ಅದು. ಮೇಷ್ಟ್ರ ಸರಿ ಪುಸ್ತಕದಲ್ಲಿ ಉಳಿಯಿತು, ಜನರ ತಪ್ಪು ಹೊಸ ಭಾಷೆಯೇ ಆಯಿತು.

ಹಾಗಾದರೆ ನಮ್ಮಲ್ಲಿ 'ಹ' ಬಿಟ್ಟರೆ ಯಾಕೆ ಇಷ್ಟು ನಗು? ಇದಕ್ಕೆ ಉತ್ತರ ವ್ಯಾಕರಣದಲ್ಲಿಲ್ಲ. ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಬ್ರೈಟ್ 1960ರ ಹೊತ್ತಿಗೆ ಕನ್ನಡದ ಆಡುಮಾತಿನ ಬಗ್ಗೆ ಬರೆದರು. ಬ್ರಾಹ್ಮಣರ ಮಾತನ್ನೂ ಒಕ್ಕಲಿಗರ ಮಾತನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಒಂದು ಕಡೆ ಹಾಲು, ಇನ್ನೊಂದು ಕಡೆ ಆಲು. ಇಬ್ಬರ ಮಾತೂ ಹಳಗನ್ನಡದಿಂದ ಬದಲಾಗಿದೆ. ಒಬ್ಬರದ್ದು ಹೊರಗಿನ ಪದಗಳನ್ನೂ ಸದ್ದುಗಳನ್ನೂ ತೆಗೆದುಕೊಂಡು ಬದಲಾಗಿದೆ, ಇನ್ನೊಬ್ಬರದ್ದು ತನ್ನೊಳಗೇ ಸದ್ದು ಸವೆದು ಬದಲಾಗಿದೆ. ಮೇಲು ಕೀಳು ಅಲ್ಲಿ ಇಲ್ಲ. ಆದರೆ ಪಠ್ಯಪುಸ್ತಕ, ಕಚೇರಿ, ಆಕಾಶವಾಣಿ, ಆಮೇಲೆ ನಮ್ಮ ಟಿವಿ, ಎಲ್ಲ ಕಡೆ ಕೂತದ್ದು ಓದಿದವರ ಬಾಯಿ. ಹಾಗಾಗಿ ಹೊಲದಲ್ಲಿ ನಿಂತವನ ಬಾಯಿ 'ತಪ್ಪು' ಆಯಿತು. ನಾವು ನಗೋದು ಅಕ್ಷರಕ್ಕಲ್ಲ, ಅದನ್ನು ಆಡಿದವನ ಕಾಲಲ್ಲಿರೋ ಕೆಸರಿಗೆ. ಬೇಕಾದರೆ ಪರೀಕ್ಷೆ ಮಾಡಿ ನೋಡಿ. ಇಂಗ್ಲಿಷ್ ಮೀಡಿಯಂ ಹುಡುಗಿ ಕ್ಯಾಮೆರಾ ಮುಂದೆ ಕಳೆದ ವಾರಕ್ಕೆ 'ಕಲೆದ ವಾರ' ಅಂದರೆ ಕ್ಯೂಟ್ ಅಂತೀವಿ. ಮದ್ದೂರಿನ ರೈತ ಹೋರಾಟಕ್ಕೆ 'ಓರಾಟ' ಅಂದರೆ ಟ್ರೋಲ್ ಮಾಡ್ತೀವಿ.

ಇದೇ ನಾಲಿಗೆ ಏನೇನು ಕೊಟ್ಟಿದೆ ಅಂತ ಸುಮ್ಮನೆ ಲೆಕ್ಕ ಹಾಕಿ. ಮಳವಳ್ಳಿ ತಾಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ದೊಡ್ಡ ನೆಲೆ. ತಂಬೂರಿ ಹಿಡಿದ ನೀಲಗಾರರು ರಾತ್ರಿಯಿಡೀ ಹಾಡುವ ಆ ಕಾವ್ಯ ನಿಂತಿರುವುದೇ ಈ ಸೀಮೆಯ ಆಡುಮಾತಿನ ಮೇಲೆ. ಮದ್ದೂರು ತಾಲೂಕಿನ ಬೆಸಗರಹಳ್ಳಿಯ ರಾಮಣ್ಣ ವೃತ್ತಿಯಲ್ಲಿ ಡಾಕ್ಟರು. ತಮ್ಮ ಬಳಿ ಬಂದ ಜನರ ಮಾತನ್ನು ಕಿವಿಗೊಟ್ಟು ಕೇಳಿ ಕಥೆ ಬರೆದರು. ಅವರ 'ಗಾಂಧಿ' ಕಥೆ ಕನ್ನಡ ಇರೋವರೆಗೂ ಇರುತ್ತೆ. ಇನ್ನು 'ತಿಥಿ' ಸಿನಿಮಾ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟನೆಯೇ ಗೊತ್ತಿಲ್ಲದ ಊರಿನವರನ್ನು ಇಟ್ಟುಕೊಂಡು, ಅವರ ಮಾತಲ್ಲೇ ತೆಗೆದದ್ದು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು. ಅಲ್ಲಿ ಯಾರೂ ಹ ಎಲ್ಲಿ ಅಂತ ಕೇಳಲಿಲ್ಲ.

ಹಾಗಾದರೆ ತಿದ್ದಲೇಬಾರದಾ? ವ್ಯಾಕರಣ, ಕಾಗುಣಿತ ಎಲ್ಲ ಕಟ್ಟಿಡೋಣವಾ? ಕೆಲವರು ಅಲ್ಲಿಯವರೆಗೂ ಹೋಗ್ತಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡಿಗರ ಬಾಯಲ್ಲಿ ಇಲ್ಲದ ಮಹಾಪ್ರಾಣಗಳನ್ನು ಬರವಣಿಗೆಯಲ್ಲೂ ಬಿಡಬಹುದು ಅಂತ ವಾದ ಮುಂದಿಟ್ಟರು. ಅದಕ್ಕೆ ಪರ ವಿರೋಧ ಇವತ್ತಿಗೂ ಕಾವಾಗಿದೆ. ಅವರ ತರ್ಕದಲ್ಲಿ ಬಲ ಇದೆ. ಆದರೆ ನನ್ನ ಅಭಿಪ್ರಾಯ ಬೇರೆ. ಬೀದರಿನವರು ಬರೆದದ್ದನ್ನು ಚಾಮರಾಜನಗರದವರು ಓದಬೇಕು, ಅಜ್ಜ ಬರೆದದ್ದನ್ನು ಮೊಮ್ಮಗ ಓದಬೇಕು. ಅದಕ್ಕೆ ಎಲ್ಲರಿಗೂ ಒಂದೇ ಬರವಣಿಗೆ ಬೇಕು. ಮಳವಳ್ಳಿಯ ಸರ್ಕಾರಿ ಶಾಲೆಯ ಮಗು ಹ ಬರೆಯೋದನ್ನು ಕಲೀಲೇಬೇಕು. ಕಲಿಸದೆ ಬಿಟ್ಟರೆ ನಾಳೆ ಪರೀಕ್ಷೆಯಲ್ಲಿ ಅಂಕ ಹೋಗೋದು ಆ ಮಗುವಿನದ್ದೇ ಹೊರತು ಬೆಂಗಳೂರಿನ ಮಗುವಿನದ್ದಲ್ಲ. ಪ್ರಶ್ನೆ ಇರೋದು ಕಲಿಸುವ ಬಗೆಯಲ್ಲಿ.

ಆ ಬಗೆ ಹೇಗಿರಬೇಕು ಅಂತ ತೋರಿಸಿಕೊಟ್ಟವರೂ ನಮ್ಮ ಜಿಲ್ಲೆಯವರೇ. ಪ್ರೊ. ಜಿ. ವೆಂಕಟಸುಬ್ಬಯ್ಯ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ಮನೆತನದವರು. ಮೇಷ್ಟ್ರ ಕೆಲಸ ಶುರು ಮಾಡಿದ್ದು ಮಂಡ್ಯದ ಹೈಸ್ಕೂಲಿನಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದವರು. 1991ರಿಂದ ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಅಂಕಣ ಬರೆದರು. ಈ ಪದ ಸರಿಯಾ, ಆ ಪದ ತಪ್ಪಾ ಅಂತ ಓದುಗರು ಕಾಗದ ಬರೆಯುತ್ತಿದ್ದರು, ಅವರು ಉತ್ತರ ಕೊಡುತ್ತಿದ್ದರು. ಪದ ಎಲ್ಲಿಂದ ಬಂತು, ಹಳಗನ್ನಡದಲ್ಲಿ ಹೇಗಿತ್ತು, ಜನರ ಬಳಕೆಯಲ್ಲಿ ಏನಾಯಿತು ಅಂತ ವಿವರಿಸುತ್ತಿದ್ದರು. ವರ್ಷಗಟ್ಟಲೆ ಇಡೀ ನಾಡನ್ನು ತಿದ್ದಿದ ಮನುಷ್ಯ. ಆದರೂ ಅವರ ಮೇಲೆ ಜನಕ್ಕೆ ಇದ್ದದ್ದು ಪ್ರೀತಿ. 2021ರ ಏಪ್ರಿಲ್‌ನಲ್ಲಿ 107ನೇ ವಯಸ್ಸಿನಲ್ಲಿ ಅವರು ಹೋದಾಗ ಮನೆಯ ಅಜ್ಜನೇ ಹೋದ ಹಾಗೆ ಜನ ನೊಂದುಕೊಂಡರು. ಯಾಕೆ? ಒಂದು, ಕೇಳಿದವರಿಗೆ ಹೇಳಿದರು. ಎರಡು, ಕಾರಣ ಹೇಳಿದರು. ಮೂರು, ಕೇಳಿದವರನ್ನು ಚಿಕ್ಕವರನ್ನಾಗಿ ಮಾಡಲಿಲ್ಲ. ತಿದ್ದುವ ಕೈಗೆ ಈ ಮೂರು ಇದ್ದರೆ ಸಾಕು.

ಮಂಡ್ಯದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಮೂರು ಸಲ ನಡೆದಿದೆ. 1974ರಲ್ಲಿ, 1994ರಲ್ಲಿ, ಮತ್ತೆ 2024ರ ಡಿಸೆಂಬರ್‌ನಲ್ಲಿ. ಮೊದಲ ಸಲ ಅಧ್ಯಕ್ಷರಾಗಿದ್ದವರು ಜಯದೇವಿತಾಯಿ ಲಿಗಾಡೆ. ಸಮ್ಮೇಳನಕ್ಕೆ ಒಬ್ಬ ಮಹಿಳೆ ಅಧ್ಯಕ್ಷರಾದದ್ದು ಅದೇ ಮೊದಲು. ಅವರು ಸೊಲ್ಲಾಪುರದವರು, ಮರಾಠಿ ಊರಿನ ಕನ್ನಡತಿ. ಅವರ ಕನ್ನಡಕ್ಕೂ ಮಂಡ್ಯದವರ ಕನ್ನಡಕ್ಕೂ ಎಷ್ಟು ದೂರ! ಆದರೂ ಅಂದು ಮಂಡ್ಯ ಅವರನ್ನು ತಲೆ ಮೇಲೆ ಹೊತ್ತು ಕುಣಿಯಿತು. ಇನ್ನೊಬ್ಬರ ಕನ್ನಡಕ್ಕೆ ಅಷ್ಟು ದೊಡ್ಡ ಮನಸ್ಸು ತೋರಿದ ನೆಲದ ಕನ್ನಡಕ್ಕೆ ನಾವು ತೋರುವ ಮನಸ್ಸು ಎಷ್ಟು?

ಮತ್ತೆ ಆ ಹುಡುಗನ ಸಾಲಿಗೆ ಬರ್ತೀನಿ. "ನಮ್ಮಪ್ಪ ಓಗ್ಬುಟ್ರು." ಅದು ತಹಸೀಲ್ದಾರರಿಗೆ ಬರೆದ ಅರ್ಜಿ ಅಲ್ಲ. ಪರೀಕ್ಷೆಯ ಉತ್ತರ ಅಲ್ಲ. ಟಿವಿಯ ಪಟ್ಟಿಯೂ ಅಲ್ಲ. ಬೆಳಗಿನ ಜಾವ ಅಪ್ಪನ ತಲೆದೆಸೆಯಲ್ಲಿ ಕೂತು ಅವನು ಅತ್ತದ್ದನ್ನು ಹಾಗೇ ಅಕ್ಷರದಲ್ಲಿ ಇಟ್ಟ. ಅಳು ಯಾವ ಭಾಷೆಯಲ್ಲಿ ಬಂತೋ ಅದೇ ಅದರ ಸರಿಯಾದ ಕಾಗುಣಿತ. ಅರ್ಜಿಯನ್ನು ತಿದ್ದಿ, ಬೇಡ ಅನ್ನಲ್ಲ. ಅಳುವನ್ನು ತಿದ್ದಬೇಡಿ.

ಅವನು ಸಾಲು ಅಳಿಸಿದ ಮೇಲೆ ನಾನು ಫೋನ್ ಮಾಡಿದೆ. ಏನು ಮಾತಾಡಬೇಕು ಅಂತ ತಿಳಿಯಲಿಲ್ಲ. ಇಷ್ಟು ವರ್ಷ ಕ್ಯಾಮೆರಾ ಮುಂದೆ ತಿದ್ದಿ ತೀಡಿ ಮಾತಾಡಿದ ನನ್ನ ಬಾಯಿಂದ ಬಂದದ್ದು, "ಎಂಗೋದ್ರ್ಲಾ ಮಗ ಅಪ್ಪ?" ಅಂತ. ಒಂದು ಹ ಕೂಡ ಇರಲಿಲ್ಲ. ಆ ಕಡೆ ಹುಡುಗ ಆಗ ಅತ್ತ.